ನೊಣ ಹೊಡೆಯುವ ವಿದ್ಯೆ

ಮೇ ತಿಂಗಳಲ್ಲಿ ರಬಕವಿಯಲ್ಲಿ ಊಟಕ್ಕೆ ಕೂರುವುದೆಂದರೆ ಯುದ್ಧಕ್ಕೆ ಕೂತ ಹಾಗೆ. ತಾಟಿಗೆ ಶೀಕರಣಿ ಬೀಳುವುದೇ ತಡ, ಎಲ್ಲಿದ್ದವೋ ಏನೋ, ನೊಣಗಳ ದಂಡು ಇಳಿಯುತ್ತದೆ. ಅವನ್ನು ಬೈಯುವ ಹಾಗೂ ಇಲ್ಲ. ಒಂದು ಮಗ್ಗುಲಿಗೆ ಮಹಾಲಿಂಗಪುರದ ಬೆಲ್ಲದ ಪೇಟೆ, ಇನ್ನೊಂದು ಮಗ್ಗುಲಿಗೆ ಜಮಖಂಡಿ, ಮುಧೋಳದ ಕಬ್ಬಿನ ಹೊಲ. ನಡುವೆ ಮನೆ ಕಟ್ಟಿಕೊಂಡು ನೊಣ ಬರಬಾರದು ಅಂದರೆ ತಪ್ಪು ನಮ್ಮದೇ. ಕರೆಂಟಿದ್ದಾಗ ಓಣಿಯ ಪವರ್‌ಲೂಮುಗಳ ಖಟಖಟದಲ್ಲಿ ಅವುಗಳ ಸದ್ದು ಕೇಳಿಸುವುದಿಲ್ಲ. ಕರೆಂಟು ಹೋಯಿತೋ, ಇಡೀ ಓಣಿ ಗಪ್ಪನೆ ಬಾಯಿ ಮುಚ್ಚುತ್ತದೆ, ನೊಣವೊಂದೇ ಊರ ಗೌಡನ ಹಾಗೆ ಮಾತಾಡತೊಡಗುತ್ತದೆ. ನಾನು ಬಲಗೈಯಲ್ಲಿ ಉಣ್ಣುತ್ತೇನೆ, ಎಡಗೈಯಲ್ಲಿ ನಿನ್ನೆಯ ಪೇಪರು ಸುತ್ತಿ ಬೀಸುತ್ತೇನೆ. ನಿವೃತ್ತಿಯಾದ ಮೇಲೆ ಕೈಗೆ ಹತ್ತಿದ ಒಂದೇ ಕಲೆ ಇದು. ಇದುವರೆಗೆ ನಾಲ್ಕು ಬಟ್ಟಲು, ಒಂದು ಕನ್ನಡಕ ಹೋಗಿವೆ. ನೊಣಗಳು ಇವೆ.

ಹೋದ ವರ್ಷ ಹೀಗೇ ಬೀಸುತ್ತಿದ್ದಾಗ ಫೋನು ಕುಂಯ್‌ಗುಟ್ಟಿತು. ಅಮೆರಿಕದಲ್ಲಿರುವ ನನ್ನ ತಂಗಿಯ ಮಗ ಬರೆದಿದ್ದ: ಈ ಬೇಸಿಗೆ ರಜೆಗೆ ಹುಡುಗನನ್ನು ಒಂದು ವಾರ ಮೊಂಟಾನಾಕ್ಕೆ ಫ್ಲೈ ಫಿಶಿಂಗ್ ಕಲಿಯಲು ಕಳಿಸುತ್ತಿದ್ದೇವೆ. ಅವನ ವಾರಗೆಯ ಗಂಡುಹುಡುಗರಿಗಾಗಿಯೇ ಮಾಡಿದ ಪ್ರವಾಸವಂತೆ. ಜೊತೆಗೆ ಗೈಡು ಇರುತ್ತಾನೆ, ಡೇರೆಯಲ್ಲಿ ವಾಸ, ಫೋನು ಮೊದಲೇ ಕಸಿದಿಡುತ್ತಾರೆ. ಹೆಂಡತಿಗೆ ಓದಿ ಹೇಳಿದೆ. ಫ್ಲೈ ಅಂದರೆ ನೊಣ ಎಂಬುದು ಅವಳಿಗೆ ಗೊತ್ತು. "ನೊಣಾ ಹೊಡ್ಯಾಕ ರೊಕ್ಕಾ ಕೊಟ್ಟು ಕಳಸ್ತಾರೇನ್ರಿ? ಇಲ್ಲೇ ಕಳಸು ಅನ್ರಿ, ಪುಕ್ಕಟ ಕಲಸ್ತೀರಿ" ಅಂದಳು. ಆಮೇಲೆ ಫೀ ಎಷ್ಟೆಂದು ತಿಳಿಯಿತು. ಆ ರೊಕ್ಕಕ್ಕೆ ಬನಹಟ್ಟಿಯಲ್ಲಿ ಹಳೆಯ ಪವರ್‌ಲೂಮು ಎರಡು ಬರುತ್ತಿದ್ದವು.

ನಮ್ಮ ಕಡೆ ನೊಣ ಹೊಡೆಯುವುದೆಂದರೆ ಗಿರಾಕಿ ಇಲ್ಲದ ಅಂಗಡಿಯಲ್ಲಿ ಕೂರುವುದು. ಅದಕ್ಕೊಂದು ಶಿಬಿರ, ಅದಕ್ಕೊಬ್ಬ ಗುರು ಎಂದು ಒಂದು ವಾರ ಕಂಡಕಂಡವರಿಗೆಲ್ಲ ಹೇಳಿ ನಕ್ಕೆ. ಜುಲೈಯಲ್ಲಿ ಹುಡುಗ ಮರಳಿ ಬಂದು ವಿಡಿಯೋ ಕರೆಯಲ್ಲಿ ತಿಳಿಸಿ ಹೇಳಿದ ಮೇಲೆ ನಗು ಸ್ವಲ್ಪ ಇಳಿಯಿತು. ಮಾಮೂಲು ಗಾಳದಲ್ಲಿ ತುದಿಗೆ ಭಾರ ಕಟ್ಟಿ ಎಸೆಯುತ್ತೇವೆ, ಭಾರ ಹೋದತ್ತ ದಾರ ಹೋಗುತ್ತದೆ. ಇದರಲ್ಲಿ ತುದಿಯ ಹುಸಿ ನೊಣಕ್ಕೆ ತೂಕವೇ ಇಲ್ಲ, ದಾರಕ್ಕೇ ತೂಕ. ದಾರವನ್ನು ತಲೆಯ ಮೇಲೆ ಹಿಂದಕ್ಕೂ ಮುಂದಕ್ಕೂ ಬೀಸಿ ಬೀಸಿ ಉದ್ದ ಮಾಡುತ್ತ ಹೋಗಬೇಕು. ಹಿಂದೆ ಹೋದ ದಾರ ಪೂರಾ ಬಿಚ್ಚಿಕೊಳ್ಳುವವರೆಗೆ ಒಂದು ಉಸಿರು ತಡೆಯಬೇಕು, ಆಮೇಲೆ ಮುಂದಕ್ಕೆ. ಕೊನೆಗೆ ನೊಣ ತಾನಾಗಿ ಬಂದು ಕೂತ ಹಾಗೆ ನೀರಿನ ಮೇಲೆ ಕೂರಬೇಕು. ಹುಡುಗ ಬರಿಗೈಯಲ್ಲೇ ಬೀಸಿ ತೋರಿಸಿದ. ಅತ್ತ, ಇತ್ತ, ಅತ್ತ, ಇತ್ತ.

"ಅಯ್ಯೋ, ಇದು ಲಾಳಿಯಲ್ಲೋ!" ಅಂದೆ.

ಅವನು ಲಾಲಿ ಎಂದು ಕೇಳಿಸಿಕೊಂಡು, ಇಲ್ಲ ಅಜ್ಜಾ, ನಿದ್ದೆ ಬಂದರೆ ಮೀನು ಹೋಗುತ್ತದೆ ಎಂದ.

ನಮ್ಮಪ್ಪ ಕುಣಿಮಗ್ಗದಲ್ಲಿ ನೇಯುತ್ತಿದ್ದ. ಸೊಂಟದವರೆಗೆ ನೆಲದ ಕುಣಿಯಲ್ಲಿ, ಮೇಲಿನರ್ಧ ಮಾತ್ರ ನಮ್ಮ ಪಾಲಿಗೆ. ಲಾಳಿ ಎಡಕ್ಕೆ, ಬಲಕ್ಕೆ. ಒಂದೊಂದು ಓಟಕ್ಕೂ ಹಣಿಗೆಯ ಒಂದು ಪೆಟ್ಟು. ಹುಡುಗನ ಫೋಟೋದಲ್ಲಿ ಮ್ಯಾಡಿಸನ್ ನದಿಯೊಳಗೆ ರಬ್ಬರಿನ ದೊಗಲೆ ಇಜಾರು ತೊಟ್ಟು ಸೊಂಟದವರೆಗೆ ನೀರಿನಲ್ಲಿ ನಿಂತ ಹುಡುಗರ ಸಾಲು ನೋಡಿದಾಗ ನನಗೆ ಕಂಡದ್ದು ನಮ್ಮ ಓಣಿಯ ಮಗ್ಗದ ಮನೆ. ಇನ್ನು ಆ ನೊಣ ಕಟ್ಟುವ ಬಗೆ ಕೇಳಿ. ಕೊಕ್ಕೆಯನ್ನು ಪುಟ್ಟ ಇಕ್ಕಳಕ್ಕೆ ಕಚ್ಚಿಸಿ, ರೇಷ್ಮೆಯಂಥ ಎಳೆ ಸುತ್ತಿ, ಮೈಗೆ ನವಿಲುಗರಿಯ ಒಂದೆರಡು ಎಸಳು, ಕೊರಳಿಗೆ ಹುಂಜದ ಕುತ್ತಿಗೆಯ ಪುಕ್ಕ. ಅರ್ಧ ಇಂಚಿನ ಜಾಗದಲ್ಲಿ ಇಷ್ಟೆಲ್ಲ. ಇಳಕಲ್ ಸೀರೆಗೆ ಸೆರಗು ಜೋಡಿಸುವವರ ಕಸುಬು ಇದು. ರೊಕ್ಕ ಕೊಟ್ಟು ಅಲ್ಲಿಗೆ ಹೋಗಿ ನೇಕಾರಿಕೆ ಕಲಿತು ಬಂದನಲ್ಲ ಎಂದು ನಗಬೇಕೋ ಹಿಗ್ಗಬೇಕೋ ತಿಳಿಯಲಿಲ್ಲ.

ಅವನಿಗೆ ಹೇಳಲಿಲ್ಲ, ನಮ್ಮದೂ ಒಂದು ಗೈಡೆಡ್ ಟ್ರಿಪ್ಪು ಇತ್ತು.

1971ರ ಬೇಸಿಗೆ. ನನಗೆ ಹದಿಮೂರು. ರಜೆಗೆಂದು ನಮ್ಮ ಮನೆಯಲ್ಲಿ ಐದು ಹುಡುಗರು ಜಮಾಯಿಸಿದ್ದೆವು: ನಾನು, ಬನಹಟ್ಟಿಯ ಮಾವನ ಮಗ, ಜಮಖಂಡಿಯ ಕಾಕಾನ ಮಗ, ಮುಧೋಳದ ದೊಡ್ಡವ್ವನ ಮಗ, ಬೀಳಗಿ ಕಡೆಯ ಹಳ್ಳಿಯಿಂದ ಅತ್ತೆಯ ಮಗ. ಜಮಖಂಡಿಯವನು ಪಟವರ್ಧನರ ಊರಿನವನು, ಮುಧೋಳದವನು ಘೋರ್ಪಡೆಯವರ ಊರಿನವನು. ಆ ಎರಡೂ ಸಂಸ್ಥಾನಗಳು 1948ರಲ್ಲೇ ಮುಂಬಯಿ ಪ್ರಾಂತಕ್ಕೆ ಸೇರಿಹೋಗಿದ್ದವು. ಇವರಿಬ್ಬರ ಡೌಲು ಮಾತ್ರ ಇನ್ನೂ ವಿಲೀನವಾಗಿರಲಿಲ್ಲ. ಜಮಖಂಡಿಯವನು ಎರೆಹುಳು ಮುಟ್ಟುತ್ತಿರಲಿಲ್ಲ, ದಂಡೆಯಲ್ಲಿ ಕೂತು ಹುಕುಂ ಕೊಡುತ್ತಿದ್ದ. ಮುಧೋಳದವನು ತಮ್ಮೂರ ನಾಯಿಯ ಸುದ್ದಿ ಶುರು ಮಾಡಿದರೆ ನದಿ ಸೇರುವವರೆಗೆ ನಿಲ್ಲಿಸುತ್ತಿರಲಿಲ್ಲ. ಆ ರಜೆಗೆ ಒಂದು ಮರಿಯನ್ನು ಜೊತೆಗೇ ತಂದಿದ್ದ. ಬಾಣದಂತೆ ಓಡುವ ಜಾತಿ ನಿಜ. ಆದರೆ ಮೀನು ಹಿಡಿಯಲು ಅದರಿಂದೇನು ಪ್ರಯೋಜನ? ಅದು ದಂಡೆಯುದ್ದಕ್ಕೂ ಓಡಿ, ಇದ್ದ ಮೀನನ್ನೂ ಓಡಿಸಿತು. 2005ರಲ್ಲಿ ಅಂಚೆ ಇಲಾಖೆ ಮುಧೋಳ ನಾಯಿಯ ಚೀಟಿ ತಂದಾಗ ಅವನು ಹತ್ತು ಪತ್ರಕ್ಕೆ ಅಂಟಿಸಿ ನನಗೇ ಕಳಿಸಿದ. ಅಂಥ ಛಲ.

ನಮ್ಮ ಗೈಡು ಅಂಬಿಗರ ಕಾಕಾ. ರಬಕವಿಯಿಂದ ಆಚೆ ದಡದ ಮಹಿಷವಾಡಗಿಗೆ ನಾವೆ ದಾಟಿಸುವುದು ಅವನ ಕೆಲಸ. ಬೇಸಿಗೆಯಲ್ಲಿ ಕೃಷ್ಣೆ ಸೊರಗಿದಾಗ ಜನ ಕಾಲ್ನಡಿಗೆಯಲ್ಲೇ ದಾಟುತ್ತಿದ್ದರಿಂದ ಅವನಿಗೂ ಅದು ರಜೆ. ಬ್ಯಾರೇಜುಗಳು ಇನ್ನೂ ಬಂದಿರಲಿಲ್ಲ. ಹೊಳೆ ಹೋಗಿ ಮರಳಾಗಿ, ಅಲ್ಲೊಂದು ಇಲ್ಲೊಂದು ಮಡು ಉಳಿಯುತ್ತಿತ್ತು. ಹೊಳೆಯ ಮೀನೆಲ್ಲ ಆ ಮಡುಗಳಲ್ಲೇ ಬೀಡುಬಿಟ್ಟಿರುತ್ತಿದ್ದವು. ಯಾವ ಮಡು ಆಳ, ಯಾವುದರ ತಳದಲ್ಲಿ ಬಂಡೆ, ಯಾವುದರ ಹತ್ತಿರ ಸುಳಿಯಬಾರದು ಎಂಬುದೆಲ್ಲ ಕಾಕಾನ ತಲೆಯಲ್ಲಿ. ಸುಳಿಯಬಾರದ ಮಡುವಿಗೆ "ಅಲ್ಲಿ ಮೊಸಳಿ ಐತಿ" ಎಂದಷ್ಟೇ ಹೇಳುತ್ತಿದ್ದ. ಕೃಷ್ಣೆಯಲ್ಲಿ ಮೊಸಳೆ ಇರುವುದು ಸುಳ್ಳಲ್ಲ. ಆದರೆ ಕಾಕಾನ ಮೊಸಳೆ ಮಾತ್ರ ನಾವು ಯಾವ ಮಡುವಿನಲ್ಲಿ ಈಜಲು ಇಳಿಯಬೇಕೆನ್ನುತ್ತಿದ್ದೆವೋ ಅಲ್ಲಿಗೇ ಬಂದು ಸೇರುತ್ತಿತ್ತು.

ಗಾಳದ ಸಾಮಾನು ನಮ್ಮದೇ ತಯಾರಿ. ಕೊಕ್ಕೆಗೆ ಟಾಚಣಿ ಬಗ್ಗಿಸಿದ್ದು. ಬೆಂಡಿಗೆ ಜೋಳದ ದಂಟಿನ ತಿರುಳು. ದಾರ ಮಾತ್ರ ಅಪ್ಪನ ಹಾಸಿನ ನೂಲಿನಿಂದ ಕದ್ದದ್ದು. ನಾಲ್ಕು ಎಳೆ ಹೊಸೆದು ಮಾಡಿಕೊಂಡಿದ್ದೆವು. ಹಾಸಿನ ನೂಲಿಗೆ ಗಂಜಿ ಹಾಕಿರುತ್ತಾರೆ, ನೀರಿಗೆ ಬಿದ್ದರೆ ಗಂಜಿ ಬಿಟ್ಟು ಮೆತ್ತಗಾಗುತ್ತದೆ ಎಂಬುದು ನೇಕಾರನ ಮಗನಾದ ನನಗೆ ಗೊತ್ತಿರಬೇಕಿತ್ತು. ಮೊದಲ ಮೂರು ದಿನ ನಾವು ಮೀನಿಗೆ ಗಂಜಿ ಕುಡಿಸಿದೆವು. ಮಳ್ಳತನಕ್ಕೆ ಶಾಲೆ ಬೇರೆ ಬೇಕೆ? ಎರೆಹುಳು ಸಿಗದ ದಿನ ಅವ್ವನ ರೊಟ್ಟಿಯನ್ನೇ ನೀರಲ್ಲಿ ಕಲಸಿ ಗುಂಡು ಮಾಡಿ ಕೊಕ್ಕೆಗೆ ಚುಚ್ಚುತ್ತಿದ್ದೆವು.

ಮುಂದೆ ಎಷ್ಟೋ ವರ್ಷಕ್ಕೆ ಕಾವೇರಿ ದಂಡೆಯ ಭೀಮೇಶ್ವರಿಗೆ ಹೋಗಿದ್ದೆ. ಅಲ್ಲಿ ಮಶೀರ್ ಹಿಡಿಯಲು ದೇಶವಿದೇಶದವರು ಬರುತ್ತಿದ್ದ ಕಾಲ. ದೋಣಿಯವನು ಕೊಕ್ಕೆಗೆ ಚುಚ್ಚುತ್ತಿದ್ದದ್ದು ರಾಗಿ ಮುದ್ದೆ! ಮೀನಿಗೂ ಆ ಕಡೆಯದು, ಈ ಕಡೆಯದು ಎಂಬ ಊಟದ ಭೇದ ಇದೆಯೆಂದು ಆವತ್ತು ತಿಳಿಯಿತು. ಹಿಡಿದವರು ತೂಕ ಮಾಡಿ, ಫೋಟೋ ತೆಗೆಸಿ, ಮೀನನ್ನು ಹೊಳೆಗೇ ಬಿಡುತ್ತಿದ್ದರು. ಮೈಸೂರಿನಲ್ಲಿ ಸತ್ತ ಹುಲಿ ಚಿರತೆಗಳನ್ನು ಜೀವ ಬಂದ ಹಾಗೆ ನಿಲ್ಲಿಸುತ್ತಿದ್ದ ವ್ಯಾನ್ ಇಂಗೆನ್ ಮನೆತನದವರೊಬ್ಬರು 1946ರಲ್ಲಿ ಕಬಿನಿಯಲ್ಲಿ 120 ಪೌಂಡಿನ ಮಶೀರ್ ಎತ್ತಿದ್ದರು. 54 ಕಿಲೋ, ಒಂದು ಚೀಲ ಜೋಳಕ್ಕಿಂತ ಹೆಚ್ಚು. ಕಾವೇರಿಯ ಆ ಗೂನುಬೆನ್ನಿನ ಮಶೀರ್ ಈಗ ಅಳಿವಿನ ಅಂಚಿಗೆ ಬಂದಿದೆ, ಅಭಯಾರಣ್ಯದೊಳಗೆ ಗಾಳ ಹಾಕುವುದೂ ನಿಂತಿದೆ. ರಾಗಿ ಮುದ್ದೆ ಕಲಸುತ್ತಿದ್ದ ದೋಣಿಯವರು ಈಗ ಏನು ಕಲಸುತ್ತಾರೋ.

ಕಾಕಾನ ಪಾಠ ಎರಡೇ. ನಿನ್ನ ನೆರಳು ನೀರ ಮೇಲೆ ಬೀಳಬಾರದು. "ಬೆಂಡು ನಡುಗಿದ್ರ ಸುಮ್ಮಕಿರು, ಮುಳುಗಿದ್ರ ಎಳಿ." ಮೊದಲನೆಯದು ಎಲ್ಲರಿಗೂ ಬಂತು. ಎರಡನೆಯದು ನನಗೆ ಇವತ್ತಿಗೂ ಬಂದಿಲ್ಲ. ಬೆಂಡು ಒಂಚೂರು ಅಲುಗಿದರೆ ಸಾಕು, ಎದೆ ಡವಡವ, ಕೈ ತಾನೇ ಎಳೆದುಬಿಡುತ್ತಿತ್ತು. ಹಾಗೆ ಎಳೆದ ಒಂದು ಸಂಜೆ ಕೊಕ್ಕೆ ನೀರಿನಿಂದ ಚಿಮ್ಮಿ, ತಲೆಯ ಮೇಲಿಂದ ಹಾಯ್ದು, ಹಿಂದೆ ಬೀಡಿ ಹಚ್ಚುತ್ತಿದ್ದ ಕಾಕಾನ ಪಟಗಾಕ್ಕೆ ಸಿಕ್ಕಿತು. ನಾನು ದೊಡ್ಡ ಬಾಳೆಮೀನೇ ಬಿತ್ತೆಂದು ಇನ್ನಷ್ಟು ಜಗ್ಗಿದೆ. ಪಟಗಾ ಸುರುಳಿ ಸುರುಳಿಯಾಗಿ ಬಿಚ್ಚಿಕೊಂಡು ಮಡುವಿಗೆ ಬಿತ್ತು. ಹನ್ನೆರಡು ಮೊಳ. ಆ ಬೇಸಿಗೆಯಲ್ಲಿ ಐವರ ಪೈಕಿ ಯಾರೂ ಅದಕ್ಕಿಂತ ಉದ್ದದ್ದು ಹಿಡಿಯಲಿಲ್ಲ. ಬೋಳುತಲೆಯ ಕಾಕಾ ಒಂದು ಗಳಿಗೆ ನೀರನ್ನೇ ನೋಡಿದ, ಆಮೇಲೆ ಬೀಡಿ ಹಚ್ಚಿದ. ಬೈಯಲಿಲ್ಲ. "ಹಿಂಡಿ ಒಣಹಾಕು" ಅಂದ.

ನಿಜವಾದ ಮೀನುಗಳೂ ಬೀಳುತ್ತಿದ್ದವು ಅನ್ನಿ. ಹೆಚ್ಚಾಗಿ ಬೀಳಗಿಯವನಿಗೆ. ಅವನು ಕಲ್ಲಿನ ಹಾಗೆ ಕೂರುತ್ತಿದ್ದ. ಆದರೆ ಹಿಡಿದ ಮೀನು ಮನೆಗೆ ತರುವ ಹಾಗಿರಲಿಲ್ಲ. ನಮ್ಮದು ವಿಭೂತಿ, ಲಿಂಗಪೂಜೆಯ ಮನೆ. ಮೀನು ಹಾಗಿರಲಿ, ಮೀನಿನ ಹೆಸರೂ ಹೊಸ್ತಿಲು ದಾಟುತ್ತಿರಲಿಲ್ಲ. ಆಯಿ ಬಾಗಿಲಲ್ಲೇ ನಿಂತು ಕೈ ಮೂಸಿ ನೋಡಿ, ಸಂಶಯ ಬಂದರೆ ಹಿತ್ತಲಿಗೆ ಅಟ್ಟಿ ತಲೆಗೆ ನೀರು ಹೊಯ್ಯುತ್ತಿದ್ದಳು. ಹೊಳೆಯಲ್ಲಿ ಮಿಂದು ಬಂದಿದ್ದೇವೆ ಅಂದರೂ ಬಿಡುತ್ತಿರಲಿಲ್ಲ. ಹಾಗಾಗಿ ನಮ್ಮ ಮೀನೆಲ್ಲ ಕಾಕಾನ ಬುಟ್ಟಿಗೆ.

ಡಿಸೆಂಬರಿನಲ್ಲಿ ಹುಡುಗ ಊರಿಗೆ ಬಂದಾಗ ಈ ಕತೆಯೆಲ್ಲ ಹೇಳಿದೆ. ಮಾಳಿಗೆಯ ಮೇಲೆ ಕೂತಿದ್ದೆವು. ಅವನು ಉದ್ದನೆಯ ಕೊಳವೆಯಿಂದ ನಾಲ್ಕು ತುಂಡು ಕೋಲು ತೆಗೆದು ಒಂದಕ್ಕೊಂದು ಸಿಕ್ಕಿಸುತ್ತಿದ್ದ. ಎಲ್ಲ ಕೇಳಿ, "ಅಜ್ಜಾ, ಗೈಡಿಗೆ ಫೀ ಎಷ್ಟು ಕೊಡ್ತಿದ್ರಿ?" ಅಂದ.

"ಫೀ ಎಲ್ಲಿಂದ ಬಂತೋ? ಒಂದು ಕಟ್ಟು ಬೀಡಿ. ಪ್ರೀತಿಯಿಂದ ಕರೆದುಕೊಂಡು ಹೋಗ್ತಿದ್ದ."

"ಮೀನು ಯಾರು ತಗೊಳ್ತಿದ್ರು?"

"ಕಾಕಾ."

ಹುಡುಗ ಸ್ವಲ್ಪ ಹೊತ್ತು ಲೆಕ್ಕ ಹಾಕಿದ. "ಅಂದ್ರೆ ಮೀನು ತಿನ್ನದೇ ಇರೋ ಐದು ಹುಡುಗರು ಅವರಿಗೋಸ್ಕರ ಎರಡು ತಿಂಗಳು ಮೀನು ಹಿಡಿದ್ರಿ."

ಐವತ್ತು ವರ್ಷದಿಂದ ಎಷ್ಟು ಸಲ ಈ ಕತೆ ಹೇಳಿದ್ದೇನೋ, ಈ ಗಂಟು ನನಗೆ ಕಂಡಿರಲಿಲ್ಲ. ಅಂಬಿಗರ ಓಣಿಯಲ್ಲೂ ಹುಡುಗರಿದ್ದರು. ಅವರನ್ನು ಬಿಟ್ಟು ಕಾಕಾ ನಮ್ಮ ಓಣಿಗೇ ಬಂದು "ಬರ್ತೀರೇನ್ಲೇ" ಎಂದು ಕೂಗುತ್ತಿದ್ದ. ಆ ಹುಡುಗರು ಹಿಡಿದದ್ದನ್ನು ತಮ್ಮ ಮನೆಗೇ ಒಯ್ಯುತ್ತಿದ್ದರಲ್ಲ! ಎಂಥ ಶಾಣ್ಯಾ ಗೈಡು. ಹಿಡಿದು ಬಿಡುವುದನ್ನು ಮೊಂಟಾನಾದವರು ಈಗ ಕಲಿಸುತ್ತಿದ್ದಾರೆ. ನಾವು 1971ರಲ್ಲೇ ಬಿಟ್ಟಿದ್ದೆವು. ನೀರಿಗಲ್ಲ, ಕಾಕಾನ ಬುಟ್ಟಿಗೆ.

ಆ ಮಾಳಿಗೆಯ ಮೇಲೆ ನಾನೂ ಒಂದು ಕೈ ನೋಡಿದೆ. ಮೊದಲ ಬೀಸಿಗೇ ನೊಣ ಹೋಗಿ ಪಕ್ಕದ ಮನೆಯ ತಂತಿಯ ಮೇಲಿದ್ದ ಸೀರೆಗೆ ಸಿಕ್ಕಿತು. ದಾರ ಸಿಕ್ಕಾಯಿತು. ಕನ್ನಡದಲ್ಲಿ ಮೀನು ಸಿಕ್ಕುವುದಕ್ಕೂ ದಾರ ಸಿಕ್ಕಾಗುವುದಕ್ಕೂ ಒಂದೇ ಮಾತು ಇಟ್ಟವನು ಗಾಳ ಹಾಕಿದ ಅನುಭವಸ್ಥನೇ ಇರಬೇಕು. ನನಗೆ ಎರಡರಲ್ಲಿ ಒಂದೇ ಒಲಿದಿದೆ. ಬಿಡಿಸಲು ಹೋಗಿ ತುದಿಯ ಸಣ್ಣ ದಾರ ಹರಿಯಿತು. ಹುಡುಗ ಗಂಟು ಹಾಕತೊಡಗಿದ. ಶಿಬಿರದಲ್ಲಿ ಏಳು ಬಗೆ ಕಲಿಸಿದ್ದಾರಂತೆ. ನನಗೆ ಬರುವುದು ಒಂದೇ, ಹಾಸಿನ ಹರಿದ ಎಳೆ ಕೂಡಿಸುವ ನೇಕಾರನ ಗಂಟು. ಅಪ್ಪ ಅದನ್ನು ಮಾತಾಡುತ್ತ, ಕೈ ನೋಡದೆ, "ಶಿವಾ" ಅನ್ನುವಷ್ಟರಲ್ಲಿ ಹಾಕುತ್ತಿದ್ದ. ಒಂದು ಎಳೆಯ ಕುಣಿಕೆಯನ್ನು ಹೆಬ್ಬೆರಳಿನಡಿ ಒತ್ತಿ ಹಿಡಿದು, ಇನ್ನೊಂದನ್ನು ಅದರೊಳಗಿಂದ ಎತ್ತಿ, ಹಿಂದಿನಿಂದ ಸುತ್ತಿ ತಂದು, ತನ್ನ ಅಡಿಯಲ್ಲೇ ತೂರಿಸಿ ಎಳೆಯುವುದು. ನನಗೆ ನಾಲ್ಕು ಸಲ ತಪ್ಪಿ ಐದನೆಯ ಸಲ ಬಂತು. ಹುಡುಗ ಎರಡೂ ಕಡೆ ಜಗ್ಗಿ ನೋಡಿ ಏನೂ ಅನ್ನಲಿಲ್ಲ, ಫೋನು ತೆಗೆದು ಆ ಗಂಟಿನ ಫೋಟೋ ಹೊಡೆದುಕೊಂಡ.

ಮರುದಿನ ಬೆಳಿಗ್ಗೆ ಹೊಳೆಗೆ ಹೋದೆವು. ಬೀಳಗಿಯ ಅತ್ತೆಯ ಮಗನೂ ಬಂದಿದ್ದ. ಅವನ ಊರು ಆಲಮಟ್ಟಿಯ ಹಿನ್ನೀರಿನಲ್ಲಿ ಮುಳುಗಿದೆ, ಈಗ ಪುನರ್ವಸತಿ ಕೇಂದ್ರದಲ್ಲಿ ಮನೆ. ನಾವು ಹುಡುಗರಾಗಿ ಮಲಗುತ್ತಿದ್ದ ಆ ಹಳೆಯ ಪಡಸಾಲೆಯ ಮಾತು ಬಂದರೆ, "ಅಲ್ಲೀಗ ಕಟ್ಲಾ ಮಲಗತಾವ" ಎನ್ನುತ್ತಾನೆ, ನಗದೆ. ಈ ಸೀಮೆಯಲ್ಲಿ ನೀರಿನ ಜೊತೆ ನಮಗೆ ಎರಡು ತರಹದ ಸಂಬಂಧ. ಜಮಖಂಡಿ ತಾಲೂಕಿನ ಚಿಕ್ಕಪಡಸಲಗಿಯಲ್ಲಿ ಸಿದ್ದು ನ್ಯಾಮಗೌಡರ ಮುಂದಾಳುತನದಲ್ಲಿ ರೈತರು ತಾವೇ ರೊಕ್ಕ ಕೂಡಿಸಿ, ತಾವೇ ಕಲ್ಲು ಹೊತ್ತು 1989ರಲ್ಲಿ ಶ್ರಮಬಿಂದು ಸಾಗರ ಕಟ್ಟಿದರು, ಬೇಸಿಗೆಯಲ್ಲೂ ಒಂದಿಷ್ಟು ನೀರು ನಿಲ್ಲಲಿ ಎಂದು. ಅದೇ ಹೊಳೆಯ ಕೆಳಗೆ ಬೀಳಗಿಯವರು ನೀರು ನಿಂತಿತೆಂದು ಊರು ಬಿಟ್ಟರು. ನಮ್ಮ ಬದಿಗೆ ಹಿಪ್ಪರಗಿ ಬ್ಯಾರೇಜು ಬಂದಮೇಲೆ ಕಾಕಾನ ಮಡುಗಳೆಲ್ಲ ಒಂದೇ ನೀರಿನ ಅಡಿಗೆ ಹೋದವು, ಅವನ ಮೊಸಳೆಯ ಸಮೇತ.

ಹುಡುಗ ದಂಡೆಯಲ್ಲಿ ನಿಂತು ಬೀಸತೊಡಗಿದ. ಐದೇ ನಿಮಿಷದಲ್ಲಿ ಇಪ್ಪತ್ತು ಜನ ಸೇರಿದರು. ಬಟ್ಟೆ ಒಗೆಯುವವರು ಒಗೆಯುವುದು ಬಿಟ್ಟರು. ಒಬ್ಬ ಹಿರಿಯರು ಮುಂದೆ ಬಂದು ಕೊಕ್ಕೆ ಹಿಡಿದು ನೋಡಿ, "ಹುಳಾ ಎಲ್ಲೈತೋ ತಮ್ಮಾ?" ಅಂದರು. ಹುಳ ಇಲ್ಲ, ಇದು ನೊಣದ ವೇಷ ಎಂದು ನಾನು ವಿವರಿಸಿದೆ. "ಮೀನಿಗೆ ಬರೇ ಆಸೆ ತೋರಿಸೋದಂದ್ರ, ಇವಾ ಇಲೆಕ್ಷನ್ನಿಗೆ ನಿಂದರಾಂವ" ಎಂದು ತೀರ್ಪು ಕೊಟ್ಟರು.

ಅರ್ಧ ತಾಸು ಏನೂ ಬೀಳಲಿಲ್ಲ. ಹುಡುಗನ ಗೈಡು ಹೇಳಿದ್ದನಂತೆ, ಮೀನು ಹಸಿವಿಗೆ ಮಾತ್ರ ನೊಣ ಕಚ್ಚುವುದಿಲ್ಲ, ಒಮ್ಮೊಮ್ಮೆ ಸಿಟ್ಟಿಗೂ ಕಚ್ಚುತ್ತದೆ ಎಂದು. ಆ ಮಾತಿಗೆ ನನಗೆ ಮುಧೋಳದ ರನ್ನ ನೆನಪಾದ. ಸೋತ ದುರ್ಯೋಧನ ವೈಶಂಪಾಯನ ಸರೋವರದಲ್ಲಿ ಮುಳುಗಿ ಕೂತಿದ್ದಾನೆ, ದಂಡೆಯಲ್ಲಿ ಭೀಮ. ನೀರಿಗಿಳಿಯಲಿಲ್ಲ, ಬಲೆ ಹಾಕಲಿಲ್ಲ. ಮಾತಿನಿಂದ ಚುಚ್ಚಿ ಚುಚ್ಚಿ ಅವನನ್ನು ಮೇಲಕ್ಕೆ ತಂದ. ಸಾವಿರ ವರ್ಷದ ಹಿಂದೆ ನಮ್ಮ ಘಟಪ್ರಭೆಯ ದಂಡೆಯ ಕವಿ ಬರೆದ ಆ ಬೇಟೆಯಲ್ಲಿ ಎರೆಹುಳುವೂ ಇಲ್ಲ, ರೊಟ್ಟಿಯೂ ಇಲ್ಲ. ಇದನ್ನು ಹುಡುಗನಿಗೆ ಹೇಳಿದೆ. ಭೀಮ ಆಮೇಲೆ ಅವನನ್ನು ಬಿಟ್ಟನಾ ಎಂದು ಕೇಳಿದ. ಇಲ್ಲ ಅಂದೆ. ಹಾಗಾದರೆ ಅದು ಬೇರೆ ಎಂದ.

ಅಷ್ಟರಲ್ಲಿ ದಾರ ಬಿಗಿಯಿತು. ಬೆರಳುದ್ದದ ಬೆಳ್ಳನೆಯ ಮೀನು. ಜನ ಹೋ ಎಂದರು. ಹುಡುಗ ಮೊದಲು ಕೈಯನ್ನು ನೀರಿನಲ್ಲಿ ಅದ್ದಿಕೊಂಡ. ಒಣಗೈ ತಾಗಿದರೆ ಮೀನಿನ ಮೈಯ ಲೋಳೆ ಕಿತ್ತು ಬರುತ್ತದಂತೆ. ಅವನ ಕೊಕ್ಕೆಗೆ ಮುಳ್ಳಿಲ್ಲ, ಒಂದು ತಿರುವಿಗೆ ಬಿಟ್ಟುಕೊಂಡಿತು. ಮೀನನ್ನು ಹೊಳೆ ಹರಿದುಬರುವತ್ತ ಮುಖ ಮಾಡಿಸಿ ಎರಡೂ ಅಂಗೈ ನಡುವೆ ನೀರೊಳಗೇ ಹಿಡಿದ, ಬಿಗಿಯಾಗಿ ಅಲ್ಲ. ಅದರ ಕಿವಿರು ತೆರೆಯಿತು, ಮುಚ್ಚಿತು, ತೆರೆಯಿತು. ಆಮೇಲೆ ಅಲ್ಲಿ ಅಂಗೈ ಮಾತ್ರ ಇತ್ತು.

"ಅಯ್ಯಯ್ಯ, ಬಿಟ್ಟಬಿಟ್ನಲ್ರೀ!" ಎಂದು ಇಡೀ ದಂಡೆ ಮರುಗಿತು. ಬೀಳಗಿಯವನು ಮಾತ್ರ ಮೆಲ್ಲಗೆ, "ಮತ್ತ್ಯಾಕ ಹಿಡದಿ?" ಎಂದು ಕೇಳಿದ. ಹುಡುಗನಿಗೆ ಅದಕ್ಕೆ ಏಳು ಗಂಟುಗಳಷ್ಟು ತಯಾರಾದ ಉತ್ತರ ಇರಲಿಲ್ಲ. ನೀವ್ಯಾಕೆ ಹಿಡಿಯುತ್ತಿದ್ದಿರಿ ಎಂದು ಅವನೂ ಕೇಳಲಿಲ್ಲ, ಪುಣ್ಯಕ್ಕೆ.

ಮರಳುವಾಗ ಇನ್ನೊಂದು ಸಂಗತಿ ಹೇಳಿದ. ಮೊಂಟಾನಾದಲ್ಲಿ ಸತತ ಮೂರು ದಿನ ಹೊಳೆಯ ನೀರಿನ ಬಿಸಿ 73 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದರೆ ಮಧ್ಯಾಹ್ನ ಎರಡರಿಂದ ನಡುರಾತ್ರಿಯವರೆಗೆ ಗಾಳ ಹಾಕುವುದು ಬಂದ್. ಬೆಚ್ಚಗಿನ ನೀರಿನಲ್ಲಿ ಟ್ರೌಟ್ ಮೀನಿಗೆ ಉಸಿರು ಸಾಲುವುದಿಲ್ಲ. 73 ಅಂದರೆ ನಮ್ಮ ಲೆಕ್ಕದಲ್ಲಿ 23 ಡಿಗ್ರಿ. ನಮ್ಮ ಮೇ ತಿಂಗಳಲ್ಲಿ ಬಿಸಿಲು ನಲವತ್ತು ದಾಟಿದರೂ ಕೃಷ್ಣೆಯ ಮೀನಿಗೆ ರಜೆಯಿಲ್ಲ. ಕೆಲವು ವರ್ಷ ಹೊಳೆಯೇ ರಜೆ ಹಾಕುತ್ತದೆ. ಆಗ ಮಹಾರಾಷ್ಟ್ರದ ಕೊಯ್ನಾ ಅಣೆಕಟ್ಟಿನಿಂದ ನೀರು ಬಿಡಿಸಿರೆಂದು ಮುಂಬಯಿಗೆ ಪತ್ರಗಳು ಹೋಗುತ್ತವೆ.

ಹೋಗುವಾಗ ಹುಡುಗ ತಾನೇ ಕಟ್ಟಿದ ಒಂದು ನೊಣವನ್ನು ನನಗೆ ಕೊಟ್ಟುಹೋದ. ಊಟದ ಕೋಣೆಯ ಕ್ಯಾಲೆಂಡರಿಗೆ ಚುಚ್ಚಿಟ್ಟಿದ್ದೆ, ಮರೆತೂಬಿಟ್ಟಿದ್ದೆ. ಮೊನ್ನೆ ಮತ್ತೆ ಶೀಕರಣಿ, ಮತ್ತೆ ಕರೆಂಟು ಹೋಗಿತ್ತು, ಮತ್ತೆ ನೊಣ. ಗೋಡೆಯ ಮೇಲೆ ಒಂದು ದಪ್ಪ ನೊಣ ಅಲುಗದೆ ಕೂತಿದ್ದು ಕಂಡಿತು. ಪೇಪರು ಸುತ್ತಿ, ಉಸಿರು ಹಿಡಿದು ಬಾರಿಸಿದೆ. ಹಾರಲಿಲ್ಲ. ಇನ್ನೊಮ್ಮೆ ಬಾರಿಸಿದೆ. ಆಗ ಪೇಪರಿಗೆ ಕೊಕ್ಕೆ ಸಿಕ್ಕಿತು, ನಾನು ಜಗ್ಗಿದೆ, ಬೆಂಡು ನಡುಗಿದಾಗ ಜಗ್ಗುತ್ತಿದ್ದ ಹಾಗೆಯೇ. ಮೇ ತಿಂಗಳ ಹಾಳೆ ಪೂರ್ತಿ ಹರಿದು ಕೈಗೆ ಬಂತು.

ಹೀಗಾಗಿ ಈ ವರ್ಷ ನಮ್ಮ ಮನೆಯಲ್ಲಿ ಜೂನ್ ಹನ್ನೊಂದು ದಿನ ಮೊದಲೇ ಬಂದಿದೆ. ಮಳೆ ಇನ್ನೂ ಬಂದಿಲ್ಲ.